ಕಾಕಾ ಬಚ್ಚಿಟ್ಟ ಮೂರನೆಯ ಪದ

ಅವರ ಬಲಗೈಯ ಎರಡು ಬೆರಳಿಗೆ ಉಗುರಿರಲಿಲ್ಲ; ಮಗ್ಗ ಕಿತ್ತುಕೊಂಡಿತ್ತು. ಅದೇ ಕೈಯನ್ನು ಗೋಡೆಗೆ ಊರಿ, ನಡುಗುತ್ತಿರುವುದು ಮಗ್ಗಗಳಿಂದಲೋ ಭೂಮಿಯಿಂದಲೋ ಎಂದು ಪಕ್ಕದ ಮನೆಯ ಕಾಕಾ ಹೇಳಿಬಿಡುತ್ತಿದ್ದರು. ದಿನವಿಡೀ ಮಗ್ಗದ ಸದ್ದಿಗೆ ನೆಲ ಅದುರುವ ಇಚಲಕರಂಜಿಯಲ್ಲಿ ಅದೇನು ಸಣ್ಣ ವಿದ್ಯೆಯಲ್ಲ. ಗಡಹಿಂಗ್ಲಜದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನನಗಂತೂ ಎಲ್ಲವೂ ಭೂಕಂಪವೇ.

ಕೊಯ್ನಾ ಭೂಕಂಪದಲ್ಲಿ, ಅಲ್ಲಿ ಕೂಲಿಗಿದ್ದ ಅವರ ಒಬ್ಬನೇ ಮಗ ಗೋಡೆಯಡಿ ಸಿಕ್ಕು ಸತ್ತಿದ್ದ. ಆಮೇಲೂ ವರ್ಷಗಟ್ಟಲೆ ಆಗೀಗ ನೆಲ ನಡುಗುತ್ತಿತ್ತು. ನಡುಗಿದಾಗೆಲ್ಲ ಕಾಕಾರ ಹೆಂಡತಿ ಕಾಕು ಅಂಗಳಕ್ಕೆ ಓಡುವರು. ಉಬ್ಬಸದ ಜೀವ, ಮಳೆಯಲ್ಲಿ ನೆನೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಕಾಕಾ ಬಂದು ಹೇಳುವವರೆಗೆ ಒಳಗೆ ಕಾಲಿಡರು.

ಕಾಕಾ ಮುಂಬೈ ಗಿರಣಿಯಲ್ಲಿದ್ದಾಗ ಯಂತ್ರ ಜೋಡಿಸಲು ಬಂದ ಜಪಾನಿಯೊಬ್ಬನಿಂದ ಕೆಲವು ಪದ ಕಲಿತಿದ್ದರು. ಗೋಡೆ ಮುಟ್ಟಿ, "ದೊಡ್ಡದು, ಹೊನ್‌ಶಿನ್, ಆಗಿ ಹೋಗೇತಿ. ಇದು ಬರೇ ಯೋಶಿನ್. ಅದರ ಹಿಂದ ಉಳಿದ ನಡುಕ. ಒಳಗ ನಡಿ" ಎನ್ನುತ್ತಿದ್ದರು.

"ಖರೇನ್ರೀ?"

"ನಾನ ಮೊದಲ ಹೋಗ್ತೇನಿ, ನೋಡ." ಹೋಗಿ ಆ ಗೋಡೆಗೇ ಬೆನ್ನು ಕೊಟ್ಟು ಕೂರುತ್ತಿದ್ದರು.

"ಜಪಾನದಾವ್ರು ನಡುಗಿದ್ದಕ್ಕೆಲ್ಲ ಹೆಸರಿಡ್ತಾರೇನ್ರಿ ಕಾಕಾ?" ಎಂದು ಒಮ್ಮೆ ಚೇಷ್ಟೆ ಮಾಡಿದೆ. ಅವರು ನಗಲಿಲ್ಲ.

"ಇನ್ನೊಂದೈತಿ ಮಗಳ. ಝೆನ್‌ಶಿನ್. ದೊಡ್ಡದು ಬರೂಕಿಂತ ಮೊದಲಿನ ನಡುಕ. ಇದು ಹಿಂದಿಂದೋ ಮುಂದಿಂದೋ ಅಂತ ಆ ದಿನ ಯಾರಿಗೂ ತಿಳಿಯಂಗಿಲ್ಲ."

"ಮತ್ತ ಕಾಕೂಗ?"

"ಸುಳ್ಳ ಹೇಳ್ತೇನಿ. ಇವತ್ತ ನಾನ ಆಕೀನ್ನ ಗೋಡಿ ಬುಡಕ ಕಳಸಾಕತ್ತೇನೇನೋ ಅಂತ ಪ್ರತಿ ಸಲ ಜೀವ ಹೋಗ್ತೈತಿ."

ಮುಂದಿನ ಬೇಸಿಗೆಯಲ್ಲಿ ಕಾಕಾ ಮಗ್ಗದ ಮುಂದೆಯೇ ಕುಸಿದು ಜೀವ ಬಿಟ್ಟರು. ಆಷಾಢದ ಒಂದು ಮಧ್ಯಾಹ್ನ ಪಾತ್ರೆಗಳು ಗಲಗಲ ಅಂದವು. ಓಡಿ ಹೋಗಿ ನೋಡಿದರೆ ಕಾಕು ಸುರಿಯುವ ಮಳೆಯಲ್ಲಿ ನಿಂತಿದ್ದಾರೆ.

"ಕೈ ಇಟ್ಟ ನೋಡವಾ. ಯಾವ್ದಿದು?"

ಗೋಡೆಗೆ ಕೈ ಇಟ್ಟೆ. ಯೋಶಿನ್ ಎಂಬ ಒಂದೇ ಪದ ಬೇಕಿತ್ತು. ಒಳಗೆ ಕಳಿಸಿ, ಗೋಡೆ ಬಿದ್ದರೆ?

"ಗೊತ್ತಿಲ್ಲ ಕಾಕೂ" ಎಂದುಬಿಟ್ಟೆ. ದೊಡ್ಡ ಹರಿಶ್ಚಂದ್ರನ ವಂಶದವಳು ನಾನು.

ಕೈ ಹಿಡಿದು ಎಳೆದೆ, ಕಾಲಿಗೆ ಬಿದ್ದೆ, ಬರಲಿಲ್ಲ. ಕತ್ತಲಾಗುವವರೆಗೆ ಅವರ ತಲೆಯ ಮೇಲೆ ಗೋಣಿಚೀಲ ಹಿಡಿದು ನಿಂತೆ. ಎಂಟನೆಯ ದಿನ ಕಾಕು ತೀರಿಕೊಂಡರು. ಅಷ್ಟು ವರ್ಷ ಆ ಮನುಷ್ಯ ಒಬ್ಬನೇ ಏನು ಹೊತ್ತಿದ್ದನೆಂದು ಅವತ್ತು ತಿಳಿಯಿತು.

ಆ ಮಳೆಗಾಲದಲ್ಲಿ ಮತ್ತೆ ನೆಲ ನಡುಗಲಿಲ್ಲ.