ಅಲುಗಾಡದ ಗಿಡ

ಪುಣೆಯ ಪ್ರಯೋಗಾಲಯದಲ್ಲಿ ಕಪ್ಪೆಗಳ ವಂಶವೃಕ್ಷ, ಅವನ ಮಾತಿನಲ್ಲಿ ‘ಗಿಡ’, ಬರೆಯುವ ಬಸವಲಿಂಗನಿಗೆ ಯಾವುದಕ್ಕೂ ಒಂದು ಸಾಕ್ಷಿ ಸಾಲದು. ಒಂದೇ ಜೀನ್ ನಂಬಿ ಗಿಡ ಬರೆದು ತಂದ ವಿದ್ಯಾರ್ಥಿಯ ಎದುರೇ ಅವನು ಇನ್ನೆರಡು ಜೀನ್ ಸೇರಿಸಿ ತೋರಿಸುತ್ತಾನೆ. ನಿನ್ನೆ ಒಡಹುಟ್ಟಿದವರಂತಿದ್ದ ಕಪ್ಪೆಗಳು ಇವತ್ತು ದೂರದ ನೆಂಟರಾಗಿ ಬೇರೆ ಬೇರೆ ಕೊಂಬೆಗೆ ಹಾರಿರುತ್ತವೆ. “ಮಾಹಿತಿ ಕಡಿಮಿ ಇದ್ರ ಗಿಡಾ ಅಲಗಾಡ್ತದಪಾ, ಇನ್ನಷ್ಟು ಕೂಡಸು” ಎನ್ನುವುದು ಅವನ ಜಪ. ಹೊರಗೂ ಇದೇ ಹಾಡು. ಕ್ಯಾಂಟೀನಿನ ಹೊಸ ಚಹಾ ಹೇಗಿದೆ ಎಂದರೆ ವಾರವಿಡೀ ಕುಡಿದು ಹೇಳುತ್ತೇನೆ ಎನ್ನುತ್ತಾನೆ. ಹಡಪಸರದ ಬಸ್ಸು ತಿಂಗಳಿಡೀ ತಡವಾಗಿ ಬಂದರೂ ಅದನ್ನು ಬೈಯುವಷ್ಟು ಮಾಹಿತಿ ಅವನ ಬಳಿ ಕೂಡಿರುವುದಿಲ್ಲ. ತೊಂಬತ್ತಾರರಲ್ಲಿ ನಿಗಡಿಗೆ ಹೆಣ್ಣು ನೋಡಲು ಹೋದಾಗಲೂ ಅವರು ಕೊಟ್ಟ ಈರುಳ್ಳಿ ಅವಲಕ್ಕಿಯ ಕಾಂದಾಪೋಹೆ ತಿಂದು ಮುಗಿಸಿ, “ಇನ್ನೊಂದ್ ಸಲ ನೋಡಿ ಹೇಳ್ತೀನ್ರಿ” ಎಂದುಬಿಟ್ಟ. ಹುಡುಗಿಯ ತಂದೆಗೆ ಅದು ಒಲ್ಲೆ ಎಂದಂತೆಯೇ ಕೇಳಿಸಿತು. ದೀಪಾವಳಿಯೊಳಗೆ ಆ ಹುಡುಗಿ ಶೈಲಶ್ರೀಯ ಮದುವೆ ಬೇರೆ ಕಡೆ ಆಗಿಹೋಯಿತು. ನೋಡಲು ಹೋದ ದಿನ ಅವನು ತನ್ನ ಕೆಲಸದ ಬಗ್ಗೆ ಹೇಳಿದಾಗ ಉಳಿದವರೆಲ್ಲ ಸುಮ್ಮನೆ ತಲೆಯಾಡಿಸಿದ್ದರು, ಅವಳು ಮಾತ್ರ ಕೇಳಿದ್ದಳು: “ಗಿಡಾ ಅಲಗಾಡೂದು ನಿಂತದ ಅಂತ ನಿಮಗ ಹೆಂಗ ಗೊತ್ತಾಗ್ತದ್ರಿ?” ಅದರ ಉತ್ತರ ಈಗ ಅವನಿಗೆ ಗೊತ್ತು: ಮೇಲೆ ಎಷ್ಟು ಹೊಸ ಮಾಹಿತಿ ಸುರಿದರೂ ಕದಲದಿದ್ದರೆ ಅದು ನಿಂತಂತೆಯೇ. ಹತ್ತು ವರ್ಷದಿಂದ ಅವ್ವ ಕಾಶವ್ವ ಒಬ್ಬಳಾದ ಮೇಲೆ ಒಬ್ಬಳ ಫೋಟೊ ತಂದು ಮುಂದಿಡುತ್ತಲೇ ಇದ್ದಾಳೆ. ಶೈಲಶ್ರೀಯ ಆ ಒಂದೇ ಮಾತಿನಿಂದ ಅವನೊಳಗೆ ಬೆಳೆದ ಗಿಡದ ಒಂದು ಎಲೆಯೂ ಅಲುಗಿಲ್ಲ.