ರಮಾಬಾಯಿಯ ಕೈಯಲ್ಲಿ ಸೊಸೆಯ ತಲೆ

ಮೈಲಾಪೂರಿನ ಆ ಬೀದಿಯಲ್ಲಿ ಮಡಿಯೆಂದರೆ ರಮಾಬಾಯಿ. ಮದುವೆಯಾಗಿ ಮದ್ರಾಸಿಗೆ ಬಂದಂದಿನಿಂದ ಅಡುಗೆಮನೆಯಲ್ಲಿ ಅವರದೇ ದರ್ಬಾರು. ಗಂಡ ಹೋದ ಮೇಲೂ ಅದು ಸಡಿಲವಾಗಲಿಲ್ಲ. ಮಡಿಸೀರೆಯನ್ನು ಯಾರ ಕೈಗೂ ತಾಗದಂತೆ ಸೂರಿನಡಿಯ ಬಿದಿರಿನ ಗಳುವಿಗೆ ಕೋಲಿನಿಂದ ಏರಿಸಿ ಹರವಬೇಕು. ವಯಸ್ಸಾದಂತೆ ಭುಜ ಹಿಡಿದುಕೊಂಡು ಕೈ ಮೇಲೇಳದಾದಾಗ ಆ ಕೆಲಸ ಸೊಸೆ ಊರ್ಮಿಳೆಯ ಪಾಲಿಗೆ ಬಂತು. ಅವಳು ಬೆಳಿಗ್ಗೆ ಮಿಂದು, ಸೀರೆ ಹರವಿ, ಆಮೇಲೆ ಬ್ಯಾಂಕಿಗೆ ಓಡಬೇಕು.

ಮರುವರ್ಷ ಊರ್ಮಿಳೆಗೆ ತಲೆಸುತ್ತು ಶುರುವಾಯಿತು. ಕತ್ತೆತ್ತಿ ಗಳುವನ್ನು ನೋಡಿದರೆ ಸಾಕು, ಮನೆಯೇ ಗಿರ್ರನೆ ತಿರುಗುತ್ತಿತ್ತು. ಅರೆಗಳಿಗೆಯಲ್ಲಿ ಸರಿಹೋಗಿಯೂ ಬಿಡುತ್ತಿತ್ತು. ರಮಾಬಾಯಿಗೆ ಸಂಶಯ ಬಂದದ್ದು ಅದಕ್ಕೇ.

"ಗಳು ಕಂಡ್ರೆ ಮಾತ್ರ ಮಯಕ್ಕ ಬರತ್ತಾ? ಬ್ಯಾಂಕಲ್ಲಿ ಬರಲ್ವಾ? ಮಡಿ ಬೇಡಾಂದ್ರೆ ಬೇಡಾನ್ನು, ನಾಟಕ ಯಾಕೆ?"

ಊರ್ಮಿಳೆ ಕೋಲೆತ್ತಿದಳು. ಬಿದ್ದಳು. ಹುಬ್ಬು ಒಡೆದು ಹೊಲಿಗೆ ಹಾಕಬೇಕಾಯಿತು.

ಕಿವಿ ಡಾಕ್ಟರು ಅವಳನ್ನು ಮಂಚದ ಮೇಲೆ ಕೂರಿಸಿ, ತಲೆ ಓರೆ ಮಾಡಿ, ಥಟ್ಟನೆ ಹಿಂದಕ್ಕೆ ಮಲಗಿಸಿದರು. ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿವೆ, ತಲೆ ತಿರುಗಿಸಿಯೇ ಅವನ್ನು ಮತ್ತೆ ಜಾಗಕ್ಕೆ ಸೇರಿಸಬೇಕು ಎಂದು ಹಾಗೇ ಮಾಡಿದರು. ಇನ್ನೊಮ್ಮೆ ಬಂದರೆ ಮನೆಯವರೇ ಮಾಡಲಿ ಎಂದು ರಮಾಬಾಯಿಗೂ ಮಗ ಮಧ್ವರಾಜನಿಗೂ ತೋರಿಸಿಕೊಟ್ಟರು. ರಮಾಬಾಯಿಗೆ ಆ ಹುಬ್ಬಿನ ಕಡೆ ಕಣ್ಣು ಹಾಯಿಸಲಾಗಲಿಲ್ಲ. ತಾನೇ ಕೈಯಾರೆ ತಳ್ಳಿದಂತಾಗಿತ್ತು ಅವರಿಗೆ.

ಬ್ಯಾಂಕಿಗೆ ರಜೆ ಹಾಕಿದ್ದ ಒಂದು ಮಧ್ಯಾಹ್ನ ತಲೆಸುತ್ತು ಮತ್ತೆ ಬಂತು. ಊರ್ಮಿಳೆ ಮಂಚದ ಅಂಚು ಹಿಡಿದು ಕೂತಿದ್ದಳು. ಮಧ್ವರಾಜ ಆಫೀಸಿನಲ್ಲಿದ್ದ.

"ನಾನು ತಲೆ ಹಿಡ್ಕೊಳ್ಲೇನಮ್ಮ?"

"ಬೇಡ ಅತ್ತೆ, ಅವರು ಬರಲಿ."

ಆ ಮಾತು ನಾಟಿತು. ರಮಾಬಾಯಿ ಹೇಳಿಯೇಬಿಟ್ಟರು: "ನಿನ್ನನ್ನ ನಾಟಕದವಳು ಅಂದೆ. ತಪ್ಪಾಯ್ತು ಕಣೇ. ಆ ಪಾಪ ನನ್ನ ತಿಂತಾ ಇದೆ."

ಊರ್ಮಿಳೆ ತಲೆಯನ್ನು ಅವರ ಕೈಗೆ ಒಪ್ಪಿಸಿದಳು. ಮಲಗಿಸಿದ ಕೊಂಚ ಹೊತ್ತಿಗೆ ಅವಳ ಕಣ್ಣುಗುಡ್ಡೆಗಳು ಪಟಪಟ ಅದುರತೊಡಗಿದವು. ಬಾಯಲ್ಲಿ ಸುಳ್ಳು ಹೇಳಬಹುದು, ಕಣ್ಣುಗುಡ್ಡೆಯನ್ನು ಹೀಗೆ ಕುಣಿಸಲು ಯಾರಿಂದಾಗುತ್ತದೆ? ಆವತ್ತು ಬೈಯುವ ಮೊದಲು ಒಮ್ಮೆ ಇವಳ ಮುಖ ನೋಡಿದ್ದರೆ ಸಾಕಿತ್ತು ಎಂದು ರಮಾಬಾಯಿಗೆ ಅನಿಸಿತು. ಭುಜ ನೋಯುತ್ತಿದ್ದರೂ ಕೈ ಸಡಿಲಿಸದೆ, ಡಾಕ್ಟರು ತೋರಿಸಿದಂತೆ ತಲೆಯನ್ನು ನಿಧಾನವಾಗಿ ಇನ್ನೊಂದು ಕಡೆಗೆ ತಿರುಗಿಸಿದರು. ಆ ಮಗ್ಗುಲಿಗೆ ಹೊರಳಿಸಿ, ತಲೆ ಬಿಡದೆಯೇ ಎಬ್ಬಿಸಿ ಕೂರಿಸಿದರು.

"ಹೋಯ್ತೇನಮ್ಮ?"

"ತಲೆಸುತ್ತೇನೋ ಹೋಯ್ತು ಅತ್ತೆ," ಎಂದ ಊರ್ಮಿಳೆ, ಅವರ ಕೈಯಿಂದ ಮೆಲ್ಲಗೆ ತಲೆ ಬಿಡಿಸಿಕೊಂಡಳು.