ಮಗ್ಗದ ಕುಣಿಯ ಮೇಲಿನ ಕಾರು

ಹಳೆಯ ವಿಲಾಯತಿ ಪುಟ್ಟ ಕಾರುಗಳನ್ನು ಕೂಡಿಹಾಕುವುದು ನನ್ನ ಚಟ. ಗಜೇಂದ್ರಗಡದಲ್ಲಿ ಅಂಥದೊಂದಿದೆಯೆಂದು ಕೇಳಿ, ಕೊಳ್ಳಲೆಂದೇ ಇಂದು ಬಸ್ಸಿಳಿದೆ. ನೇಕಾರ ಶಂಕ್ರಪ್ಪನವರ ಮನೆಯೊಳಗೆ, ಮಗ್ಗವಿರಬೇಕಾದ ಜಾಗದಲ್ಲಿ ಅದು ನಿಂತಿತ್ತು. ನೇಯುವಾಗ ಕಾಲು ಇಳಿಬಿಡುವ ಕುಣಿಯಲ್ಲಿ ಕುಳಿತು, ತಲೆ ಬಗ್ಗಿಸಿ, ಅವರು ಕಾರಿನ ತಳ ಒರೆಸುತ್ತಿದ್ದರು.

“ನಮ್ಮಣ್ಣನ ಗಾಡಿರಿ. ಅವ ತೀರಿಕೊಂಡ ಮ್ಯಾಲ ಅವನ ಮಗ್ಗ ಬಿಚ್ಚಿ ಇದನ್ನ ಒಳಗ ತಂದೆ.”

“ಓಡ್ತೈತೇನ್ರಿ?”

“ಭಾಳ ಚಲೋ ಓಡ್ತೈತ್ರಿ.”

“ಮತ್ತ ಹೊರಗ ಯಾಕ ತಗಿಯಂಗಿಲ್ಲ?”

ಅವರು ಅರಿವೆ ಹಿಂಡಿದರು. “ತಗದ್ರ ಅಣ್ಣನ ಕುಣಿ ಖಾಲಿ ಕಾಣತೈತ್ರಿ.”

ಮತ್ತೆ ತಳ ಒರೆಸುತ್ತ ಅವರೇ ಕೇಳಿದರು: “ನೀವು ಕೊಳ್ಳಾಕ ಬಂದೀರೇನ್ರಿ?”

“ಇಲ್ರಿ,” ಎಂದೆ. “ಬರೇ ನೋಡಾಕ.”